ಕುರ್ಚಿ ಬದಲಿಸಿದರೆ ಪಂದ್ಯ ಗೆಲ್ಲುವುದೇ?

2024ನೆಯ ಇಸವಿಯ ಜನವರಿ 27ರಂದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಕೊಡಗಿನ ರೋಹನ್ ಬೋಪಣ್ಣನವರು ತಮ್ಮ ಜೊತೆಗಾರ ಮ್ಯಾಥ್ಯೂ ಎಬ್ಡನ್ನರೊಡನೆ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಇಟಲಿಯ ಬೊಲೆಲ್ಲಿ ಮತ್ತು ವಾವಸ್ಸೋರಿ ಎಂಬ ಜೋಡಿಯನ್ನು 7-6, 7-5ರಿಂದ ಸೋಲಿಸಿದ ಆ ದಿನ ಬೋಪಣ್ಣನವರಿಗೆ 43 ವರ್ಷ ತುಂಬಿ ನಲವತ್ತನಾಲ್ಕನೆಯದು ನಡೆಯುತ್ತಿದ್ದಿತು. ಈ ವಿಜಯಕ್ಕೆ ಮೆಲ್ಬರ್ನಿನಲ್ಲಿ ಇಬ್ಬರೇ ಹಕ್ಕುದಾರರಿದ್ದರಾದರೂ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಹಲವರಿದ್ದರು. ಒಬ್ಬರು ಪಂದ್ಯ ಮುಗಿಯುವವರೆಗೆ ಕುರ್ಚಿ ಬಿಟ್ಟೇಳಲಿಲ್ಲವಂತೆ. ಇನ್ನೊಬ್ಬರು ಎರಡನೆಯ ಸೆಟ್ಟು ಬಿಗಿಯಾದೊಡನೆ ದೂರದರ್ಶನವನ್ನು ಆರಿಸಿ ಅಂಗಳಕ್ಕೆ ಹೋದರಂತೆ. ಮತ್ತೊಬ್ಬರು ಕಾಲುಭಾಗದ ಅಂತಿಮ ಪಂದ್ಯದಿಂದ ಅಂಗಿಯನ್ನೇ ಬದಲಿಸಿರಲಿಲ್ಲ. ತಾವು ಹಾಗೆ ಮಾಡದೆ ಇದ್ದಿದ್ದರೆ ಏನಾಗುತ್ತಿದ್ದಿತೋ ಎಂಬ ಮಾತನ್ನು ಮೂವರೂ ನಗುತ್ತಲೇ ಆಡಿದರು. ಆದರೆ ಆ ನಗೆ ಪೂರ್ತಿ ನಗೆಯಾಗಿರಲಿಲ್ಲ.

ಇವರನ್ನು ಗೇಲಿಮಾಡುವುದು ನಮ್ಮ ಉದ್ದೇಶವಲ್ಲ. ನಾವೂ ಟೆನ್ನಿಸ್ ಹುಚ್ಚಿನವರೇ. ತೊಗರಿಯ ರಾಶಿಯ ಕಾಲಕ್ಕೆ ಮೆಲ್ಬರ್ನ್, ಮೇ ತಿಂಗಳ ಕೊನೆಯ ಉರಿಬಿಸಿಲಿನಲ್ಲಿ ಪ್ಯಾರಿಸ್, ಮುಂಗಾರು ಬಿತ್ತನೆಯ ಹೊತ್ತಿಗೆ ವಿಂಬಲ್ಡನ್, ಹೆಸರಿನ ಬೆಳೆ ಕೈಗೆ ಬರುವಾಗ ನ್ಯೂಯಾರ್ಕ್—ಹೀಗೆ ವರ್ಷದ ನಾಲ್ಕು ಮಹಾ ಪಂದ್ಯಾವಳಿಗಳೂ ನಮ್ಮ ಭಾಗದ ಅಭಿಮಾನಿಯ ಒಕ್ಕಲುತನದ ಪಂಚಾಂಗದೊಳಗೇ ಸೇರಿಕೊಂಡಿವೆ. ಮೆಲ್ಬರ್ನಿನ ರಾತ್ರಿ ಏಳು ಗಂಟೆಯೆಂದರೆ ನಮಗೆ ಮಧ್ಯಾಹ್ನ ಒಂದೂವರೆ. ನ್ಯೂಯಾರ್ಕಿನ ರಾತ್ರಿ ಏಳೆಂದರೆ ನಸುಕಿನ ನಾಲ್ಕೂವರೆ. ನಿದ್ದೆಗೆಟ್ಟು ಇಷ್ಟೊಂದು ಆಸಕ್ತಿಯಿಂದ ನೋಡುವವನಿಗೆ, ತಾನು ನೋಡುತ್ತಿರುವುದರಿಂದ ಅಲ್ಲಿ ಏನೂ ಆಗುವುದಿಲ್ಲವೆಂದು ಒಪ್ಪಿಕೊಳ್ಳುವುದು ಕಷ್ಟವೇ. ಆದರೂ ಒಪ್ಪಿಕೊಳ್ಳಬೇಕೆಂದು ನಮ್ಮ ವಾದ.

ಮೊದಲು ದೂರದ ಸಂಗತಿಯನ್ನೇ ನೋಡೋಣ. ಮೆಲ್ಬರ್ನ್ ನಮ್ಮಿಂದ ಒಂಬತ್ತು ಸಾವಿರ ಕಿಲೊಮೀಟರಿಗೂ ಹೆಚ್ಚು ದೂರದಲ್ಲಿದೆ. ಅಲ್ಲಿಂದ ಹೊರಟ ಚಿತ್ರ ನಮ್ಮ ಮನೆಯ ತಟ್ಟೆಯಾಕಾರದ ಆಂಟೆನಕ್ಕೆ ಬರುವ ಕೊನೆಯ ಹಂತದಲ್ಲಿ, ಭೂಮಿಯ ಮೇಲೆ ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಏರಿ ಇಳಿಯಬೇಕು. ಬೆಳಕಿನ ವೇಗದಲ್ಲಿ ಚಲಿಸಿದರೂ ಈ ಏರಿಳಿತಕ್ಕೆ ಕಾಲು ಸೆಕೆಂಡು ಬೇಕಾಗುತ್ತದೆ. ಅದು ಅಲ್ಪವೇ ಸರಿ. ಆದರೆ ಚಿತ್ರವನ್ನು ಅಂಕಿಗಳಾಗಿ ಮಾರ್ಪಡಿಸಿ, ಸಂಕೋಚಿಸಿ, ಒಂದು ಕೇಂದ್ರದಿಂದ ಇನ್ನೊಂದಕ್ಕೆ ದಾಟಿಸಿ, ಮರಳಿ ಬಿಡಿಸುವಷ್ಟರಲ್ಲಿ ಕೆಲವು ಸೆಕೆಂಡುಗಳು ಕಳೆದಿರುತ್ತವೆ. ಮೊಬೈಲಿನಲ್ಲಿ ನೋಡುವವರಿಗಂತೂ ವಿಳಂಬ ಇನ್ನೂ ಹೆಚ್ಚು. ಪಕ್ಕದ ಮನೆಯವರು ಕೂಗಿದ ಮೇಲೆ ನಮ್ಮ ಮೊಬೈಲಿನಲ್ಲಿ ಚೆಂಡು ಏಳುವುದನ್ನು ವಾಚಕರೂ ಕಂಡಿರಬಹುದು. ಡಬಲ್ಸಿನಲ್ಲಿ ಒಂದು ಅಂಕದ ಆಟ ಎಷ್ಟೋ ಸಲ ನಾಲ್ಕಾರು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಅಂದರೆ ಬೋಪಣ್ಣನವರು ಸರ್ವ್ ಮಾಡಲು ಚೆಂಡನ್ನು ಮೇಲಕ್ಕೆಸೆದುದನ್ನು ಸುರಪುರದಲ್ಲಿ ಕಂಡು ನಾವು ಕಾಲು ಮಡಿಚಿ ಕುಳಿತುಕೊಳ್ಳುವ ವೇಳೆಗೆ ಆ ಅಂಕ ಯಾರದೆಂಬುದು ಅಲ್ಲಿ ತೀರ್ಮಾನವಾಗಿ ಹೋಗಿರುತ್ತದೆ. ಕಾರ್ಯವು ಕಾರಣಕ್ಕಿಂತ ಮೊದಲೇ ನಡೆಯಿತೆಂದು ಯಾವ ಭೌತಶಾಸ್ತ್ರವೂ ಒಪ್ಪುವುದಿಲ್ಲ. ಅಂಗಣದಲ್ಲಿಯೇ ಕುಳಿತವರ ಕೂಗು ಆಟಗಾರನ ಕಿವಿಗೆ ಬೀಳುವುದು ಬೇರೆಯ ಮಾತು.

ಆದರೂ ಅನುಭವ ಸುಳ್ಳು ಹೇಳುವುದೇ ಎಂದು ಕೇಳುವವರಿದ್ದಾರೆ. 'ನಾನು ಬಂದು ಕುಳಿತೊಡನೆ ಸೋಲತೊಡಗುತ್ತಾರೆ. ಇದು ಒಂದು ಸಲ ಅಲ್ಲ, ಹತ್ತು ಸಲ ಆಗಿದೆ' ಎನ್ನುವವರ ಮಾತನ್ನು ನಾವು ಪೂರ್ತಿಯಾಗಿ ನಂಬುತ್ತೇವೆ. ಹತ್ತು ಸಲವಲ್ಲ, ನೂರು ಸಲ ಆಗಿದ್ದರೂ ಆಶ್ಚರ್ಯವಿಲ್ಲ. ರೋಜರ್ ಫೆಡರರ್ 2024ರ ಜೂನ್ ತಿಂಗಳಿನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವೀಧರರ ಮುಂದೆ ಮಾತನಾಡುತ್ತ ತಮ್ಮ ಆಟದ ಲೆಕ್ಕವನ್ನು ಬಿಚ್ಚಿಟ್ಟರು. ಅವರು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಶೇಕಡಾ 80ರಷ್ಟನ್ನು ಗೆದ್ದಿದ್ದರು. ಆದರೆ ಆಡಿದ ಅಂಕಗಳಲ್ಲಿ ಗೆದ್ದುದು ಶೇಕಡಾ 54 ಮಾತ್ರ! ನಮ್ಮ ಕಾಲದ ಅತಿ ಶ್ರೇಷ್ಠ ಆಟಗಾರರಲ್ಲಿ ಒಬ್ಬರು ನೂರು ಅಂಕಗಳಲ್ಲಿ 46ನ್ನು ಸೋತವರು. ಹಾಗಾದರೆ ಅವರ ಆಟ ನಡೆಯುತ್ತಿದ್ದಾಗ ಯಾರು ಯಾವ ಕ್ಷಣದಲ್ಲಿ ಕೋಣೆಯೊಳಗೆ ಕಾಲಿಟ್ಟರೂ, ಮುಂದಿನ ಅಂಕ ಹೋಗುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕರ್ಧ ಇದ್ದೇ ಇದ್ದಿತು. ಹೋದಾಗ ಬಂದವರ ಮುಖವನ್ನು ನೋಡುತ್ತೇವೆ, ನೆನಪಿಡುತ್ತೇವೆ. ಬಂದಾಗ ಚಪ್ಪಾಳೆ ತಟ್ಟುತ್ತೇವೆ, ಬಂದವರು ಯಾರೆಂಬುದನ್ನು ಮರೆಯುತ್ತೇವೆ.

ಶೇಕಡಾ 54 ಹೇಗೆ 80 ಆಗುತ್ತದೆಂಬುದೂ ಸೊಗಸಾದ ಗಣಿತವೇ. ಪ್ರತಿಯೊಂದು ಅಂಕದಲ್ಲಿಯೂ ಗೆಲ್ಲುವ ಸಂಭವ ನೂರಕ್ಕೆ 54 ಎಂದಿಟ್ಟುಕೊಂಡು ಲೆಕ್ಕಹಾಕಿದರೆ, ಗೇಮು ಗೆಲ್ಲುವ ಸಂಭವ ನೂರಕ್ಕೆ ಸುಮಾರು 60 ಎಂದು ಬರುತ್ತದೆ. ಗೇಮುಗಳು ಕೂಡಿ ಸೆಟ್ಟಾಗುವಾಗ ಅಂತರ ಇನ್ನೂ ಹಿಗ್ಗುತ್ತದೆ, ಸೆಟ್ಟುಗಳು ಕೂಡಿ ಪಂದ್ಯವಾಗುವಾಗ ಮತ್ತಷ್ಟು. ಟೆನ್ನಿಸಿನ ಎಣಿಕೆಯ ಪದ್ಧತಿ ಅಲ್ಪ ಮೇಲ್ಮೆಯನ್ನು ದೊಡ್ಡದುಮಾಡಿ ತೋರಿಸುವ ಭೂತಗನ್ನಡಿಯಂತಿದೆ. ಆ ಗನ್ನಡಿಯ ಕೆಳಗೆ, ಒಂದೊಂದು ಅಂಕದ ಮಟ್ಟದಲ್ಲಿ, ಆಕಸ್ಮಿಕದ ಪಾಲು ಬಹಳ. ಮೆಲ್ಬರ್ನಿನ ಅಂತಿಮ ಪಂದ್ಯದ ಮೊದಲನೆಯ ಸೆಟ್ಟು ಟೈಬ್ರೇಕಿಗೆ ಹೋದಾಗ ಬೋಪಣ್ಣ-ಎಬ್ಡನ್ ಜೋಡಿ ಏಳಕ್ಕೆ ಏಳು ಅಂಕಗಳನ್ನೂ ಗೆದ್ದಿತು, ಎದುರಾಳಿಗಳಿಗೆ ಸೊನ್ನೆ. ಸರಿಸಮನಾದ ಎರಡು ಜೋಡಿಗಳ ನಡುವೆಯೂ ಬರಿಯ ಆಕಸ್ಮಿಕದಿಂದಲೇ 64 ಟೈಬ್ರೇಕುಗಳಲ್ಲಿ ಒಂದು ಹೀಗೆ ಏಕಪಕ್ಷೀಯವಾಗಿ ಮುಗಿಯಬಹುದು. ಆ ಏಳು ಅಂಕಗಳ ಕಾಲದಲ್ಲಿ ಅಲುಗಾಡದೆ ಕುಳಿತಿದ್ದವನು ಆ ಕುರ್ಚಿಯನ್ನು ಇನ್ನು ಬಿಡುವುದುಂಟೇ?

ಅರ್ಥವಿಲ್ಲದೆಡೆ ಆಕಾರವನ್ನು ಕಾಣುವುದು ಮನಸ್ಸಿನ ಸ್ವಭಾವ. ಶಹಾಪುರಕ್ಕೆ ಬರುವ ದಾರಿಯಲ್ಲಿ ದೂರದಿಂದ ನೋಡಿದರೆ ಬೆಟ್ಟಗಳ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ: ಹಣೆ, ಮೂಗು, ಗದ್ದ, ಎದೆ ಎಲ್ಲವೂ ಸ್ಪಷ್ಟ. ಯಾವ ಶಿಲ್ಪಿಯೂ ಅದನ್ನು ಕಡೆದಿಲ್ಲ. ಬಿಸಿಲು, ಮಳೆ, ಗಾಳಿಗಳು ಬಂಡೆಯನ್ನು ಸವೆಸಿದ ರೀತಿ ಅದು. ದಿಕ್ಕು ಬದಲಿಸಿ ನಿಂತರೆ ಬುದ್ಧನಿಲ್ಲ, ಬೆಟ್ಟಗಳಷ್ಟೇ. ಕಂಡವರಿಗೆ ಆನಂದವಾಗುವುದರಿಂದ ಇದರಲ್ಲಿ ದೋಷವೇನೂ ಇಲ್ಲ. ಕಲ್ಲಿನಲ್ಲಿ ಮುಖವನ್ನು ಕಾಣುವ ಈ ಗುಣವೇ ಅಂಕಗಳ ಸಾಲಿನಲ್ಲಿ ಶಕುನವನ್ನೂ ಕಾಣುತ್ತದೆ. ಮನುಷ್ಯರಿಗಷ್ಟೇ ಇದು ಮೀಸಲಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಿಂದ ಹೇಳಿದನು. ಹಸಿದ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಅಂತರದಲ್ಲಿ ಕಾಳು ದೊರೆಯುವಂತೆ ಅವನು ಏರ್ಪಡಿಸಿದ್ದನು. ಎಂಟು ಹಕ್ಕಿಗಳಲ್ಲಿ ಆರು ಒಂದೊಂದು ವಿಚಿತ್ರವಾದ ಆಚರಣೆಯನ್ನು ಹಿಡಿದುಕೊಂಡವು. ಒಂದು ಗಿರಗಿರನೆ ಸುತ್ತುತ್ತಿದ್ದಿತು; ಇನ್ನೊಂದು ಪಂಜರದ ಮೂಲೆಗೆ ತಲೆಯನ್ನು ಚಾಚುತ್ತಿದ್ದಿತು. ಕಾಳು ಬಂದಾಗ ತಾನು ಮಾಡುತ್ತಿದ್ದುದೇ ಕಾಳನ್ನು ತಂದಿತೆಂಬಂತೆ ಅವುಗಳ ನಡತೆ. ಸ್ಕಿನ್ನರನ ವಿವರಣೆಯನ್ನು ಮುಂದೆ ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. ಆದರೂ ಅಂಗಿ ಬದಲಿಸದ ನಮ್ಮ ಮಿತ್ರರನ್ನು ಕಂಡಾಗ ಆ ಪಾರಿವಾಳಗಳು ನೆನಪಿಗೆ ಬಾರದಿರುವುದಿಲ್ಲ.

ಸುರಪುರದ ಚರಿತ್ರೆಯಲ್ಲಿಯೂ ಇದಕ್ಕೆ ಒಂದು ನಿದರ್ಶನವುಂಟು. 1841ರಿಂದ 1853ರವರೆಗೆ ಅಲ್ಲಿ ಆಡಳಿತಾಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕರ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವೆಂದು ಬರೆದಿದ್ದಿತೆಂದೂ, 1858ರಲ್ಲಿ ಬಂಡಾಯದ ನಂತರ ಅದು ಹಾಗೆಯೇ ನಡೆದುಹೋಯಿತೆಂದೂ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಓದಿದವರ ಮೈ ಜುಮ್ಮೆನ್ನುತ್ತದೆ. ಆದರೆ ದಖ್ಖನಿನ ಎಷ್ಟು ಸಂಸ್ಥಾನಗಳಲ್ಲಿ ಎಷ್ಟು ರಾಜಕುಮಾರರ ಜಾತಕಗಳನ್ನು ಬರೆಯಲಾಗಿದ್ದಿತು, ಅವುಗಳಲ್ಲಿ ಎಷ್ಟು ತಪ್ಪಿದವು? ತಪ್ಪಿದ ಜಾತಕಕ್ಕೆ ಆತ್ಮಕಥೆಯಲ್ಲಿ ಪುಟ ಸಿಗುವುದಿಲ್ಲ. ಅಂದಹಾಗೆ ಟೇಲರನ ಈ ಪುಸ್ತಕ ಅಚ್ಚಾದುದೂ, ವಿಂಬಲ್ಡನ್ ಪಂದ್ಯಾವಳಿ ಮೊದಲಾದುದೂ ಒಂದೇ ವರ್ಷ, 1877. ಇದರಲ್ಲೇನಾದರೂ ಗೂಢವಿರಬಹುದೇ ಎಂದು ಈಗಾಗಲೇ ಯೋಚಿಸತೊಡಗಿದ ವಾಚಕರಿದ್ದರೆ, ನಾವು ಹೇಳುತ್ತಿರುವುದು ಅವರನ್ನು ಕುರಿತೇ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ಮಾತು? ಕುರ್ಚಿಗೂ ಅಂಗಿಗೂ ಪುಣ್ಯ ಕಟ್ಟುವವರೆಗೆ ಇದು ವಿನೋದವೇ. ಪುಣ್ಯವನ್ನು ವಸ್ತುವಿಗೆ ಕಟ್ಟುವ ಮನಸ್ಸು ಪಾಪವನ್ನು ಮನುಷ್ಯರಿಗೆ ಕಟ್ಟಲು ತಡಮಾಡುವುದಿಲ್ಲ. ಅದೇ ಪಂದ್ಯಾವಳಿಯ ಉಪಾಂತ್ಯದಲ್ಲಿ, ಮಹಾಚ್ ಮತ್ತು ಜಾಂಗ್ ಎಂಬವರ ಎದುರು, ಬೋಪಣ್ಣನವರ ಜೋಡಿ ಮೊದಲನೆಯ ಸೆಟ್ಟನ್ನು 6-3ರಿಂದ ಗೆದ್ದು ಎರಡನೆಯದನ್ನು 3-6ರಿಂದ ಸೋತಿತು. ನಾವು ಕುಳಿತಿದ್ದ ಮನೆಯಲ್ಲಿ ಆ ಎರಡನೆಯ ಸೆಟ್ಟಿನ ನಡುವೆ ಮನೆಯ ಹೆಣ್ಣುಮಗಳೊಬ್ಬಳು ಚಹಾ ತಂದಳು. ಸರ್ವ್ ಹೋದೊಡನೆ ಹಿರಿಯರೊಬ್ಬರು, 'ಮ್ಯಾಚ್ ಮುಗಿಯೂತನಕ ನೀ ಒಳಗ ಇರವ್ವ, ನೀ ಬಂದಿ ಅಂದ್ರ ಸೋಲ್ತಾರ' ಎಂದರು. ಸಿಟ್ಟಿನಿಂದಲ್ಲ, ಅಕ್ಕರೆಯಿಂದಲೇ ಅಂದರು. ಆಕೆ ಒಳಗೆ ಹೋದಳು. ಮೂರನೆಯ ಸೆಟ್ಟಿನ ಟೈಬ್ರೇಕನ್ನು ನಮ್ಮವರು 10-7ರಿಂದ ಗೆದ್ದರು. ಹಿರಿಯರು ನಮ್ಮತ್ತ ತಿರುಗಿ, ಕಂಡಿರೋ ಇಲ್ಲವೋ ಎಂಬಂತೆ ನೋಡಿದರು. ಅಂತಿಮ ಪಂದ್ಯದ ದಿನ ಆಕೆ ಹೊರಗೆ ಬರಲೇ ಇಲ್ಲ. ಯಾರೂ ಹೇಳಬೇಕಾದುದೂ ಇರಲಿಲ್ಲ.

ವಿಧವೆ ಎದುರಾದರೆ ಕೆಲಸ ಕೆಡುವುದೆಂದು ಹಿಂದಿರುಗುವವನ ತರ್ಕವೂ ಇದೇ, ಹೊಸ ಸೊಸೆ ಬಂದ ವರ್ಷ ಮಳೆ ಕೈಕೊಟ್ಟಿತೆಂದು ಅವಳ ಕಾಲ್ಗುಣವನ್ನು ಹಳಿಯುವವರ ತರ್ಕವೂ ಇದೇ. ಮಳೆ ತಪ್ಪುವುದು ಅಪರೂಪವಲ್ಲದ ನಮ್ಮ ಸೀಮೆಯಲ್ಲಿ, ಫೆಡರರನ ಸೋತ ಅಂಕಗಳಂತೆ, ಕೆಟ್ಟ ವರ್ಷಗಳಿಗೆ ಬರವಿಲ್ಲ. ಯಾರನ್ನಾದರೂ ಹೊಣೆಮಾಡಬೇಕೆಂದಿದ್ದರೆ ಸಾಕ್ಷ್ಯಕ್ಕೂ ಬರವಿಲ್ಲ. ಆಟದ ಕೋಣೆಯಲ್ಲಿ ಇದನ್ನು ವಿನೋದವೆಂದು ಬಿಡುವವರು ಹೊಲದ ಬದುವಿನ ಮೇಲೆ ನಿಂತಾಗ ತಡೆಯುವರೆಂದು ನಮಗೆ ತೋರುವುದಿಲ್ಲ.

ಆಟಗಾರನಿಗೂ ಇದರಿಂದ ಅನ್ಯಾಯವೇ. ಬೋಪಣ್ಣನವರಿಗೆ ಗ್ರ್ಯಾಂಡ್‌ಸ್ಲಾಮ್ ಪಂದ್ಯಾವಳಿಗಳ ಪುರುಷರ ಡಬಲ್ಸಿನಲ್ಲಿ ಅದು 61ನೆಯ ಪ್ರಯತ್ನ. 2010ರಲ್ಲಿಯೂ 2023ರಲ್ಲಿಯೂ ನ್ಯೂಯಾರ್ಕಿನಲ್ಲಿ ಅಂತಿಮ ಹಂತದವರೆಗೆ ಬಂದು ಸೋತಿದ್ದರು. ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿದೆಯೆಂದು ಅವರೇ ಹೇಳಿಕೊಂಡಿದ್ದರು. ಮೂಳೆಗಳ ತುದಿಗಳು ಉಜ್ಜಿಕೊಳ್ಳದಂತೆ ಕಾಪಾಡುವ ಈ ಹೊದಿಕೆಯಲ್ಲಿ ರಕ್ತನಾಳಗಳಿಲ್ಲ. ಆದುದರಿಂದ ಒಮ್ಮೆ ಸವೆದರೆ ಅದು ಚರ್ಮದಂತೆ ಮರಳಿ ಬೆಳೆಯುವುದಿಲ್ಲ. ಸುತ್ತಲಿನ ಸ್ನಾಯುಗಳನ್ನು ಬಲಪಡಿಸಿ ಕೀಲಿನ ಹೊರೆಯನ್ನು ಅವುಗಳಿಗೆ ಹಂಚುವುದು ಒಂದು ದಾರಿ. ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರ ಪದ್ಧತಿಯ ಯೋಗಾಭ್ಯಾಸವನ್ನು ಅವರು ಕೊರೋನಾ ಕಾಲದಲ್ಲಿ ಹಿಡಿದು, ಅದರಿಂದ ಬಹಳ ಪ್ರಯೋಜನವಾಯಿತೆಂದಿದ್ದಾರೆ. ಆ ಜನವರಿಯಲ್ಲಿ ಡಬಲ್ಸಿನ ವಿಶ್ವ ಶ್ರೇಯಾಂಕದಲ್ಲಿ ಮೊದಲಿಗರಾದಾಗ, ಮೊತ್ತಮೊದಲು ಆ ಸ್ಥಾನಕ್ಕೇರಿದವರಲ್ಲಿ ಅವರೇ ಅತ್ಯಂತ ಹಿರಿಯರು. 2025ರ ನವೆಂಬರಿನಲ್ಲಿ ನಿವೃತ್ತಿಯನ್ನು ಸಾರಿದರು. ಇಂಥ ದುಡಿಮೆಯ ಫಲದಲ್ಲಿ ಯಾದಗಿರಿಯ ಒಂದು ಪ್ಲಾಸ್ಟಿಕ್ ಕುರ್ಚಿಗೆ ಪಾಲು ಕೇಳುವುದು ತೀರ ಹೆಚ್ಚಾಯಿತು.

ಇನ್ನೂ ಸಂದೇಹವಿರುವವರು ಮುಂದಿನ ಮಹಾ ಪಂದ್ಯಾವಳಿಯಲ್ಲಿ ಸ್ವತಃ ಪರೀಕ್ಷಿಸಬಹುದು. ಒಂದು ನೋಟುಪುಸ್ತಕ, ಒಂದು ನಾಣ್ಯ ಸಾಕು. ಪ್ರತಿಯೊಂದು ಗೇಮಿಗೆ ಮೊದಲು ನಾಣ್ಯವನ್ನು ಚಿಮ್ಮಬೇಕು. ಮೇಲ್ಮುಖ ಬಿದ್ದರೆ ಅದೃಷ್ಟದ ಕುರ್ಚಿ, ಹಿಮ್ಮುಖವಾದರೆ ಬೇರೆಯದು. ಮನಸ್ಸು ಏನೇ ಹೇಳಿದರೂ ನಾಣ್ಯದ ಮಾತೇ ನಡೆಯಬೇಕು. ಗೇಮು ಯಾರಿಗಾಯಿತೆಂಬುದನ್ನು ಆಗಲೇ ಬರೆಯಬೇಕು, ಮರುದಿನ ನೆನಪಿನಿಂದಲ್ಲ. ಸರ್ವ್ ಯಾರದೆಂಬುದಕ್ಕೂ ಒಂದು ಕಲಮು ಬೇಕು, ಏಕೆಂದರೆ ಸರ್ವ್ ಮಾಡುವವರೇ ಹೆಚ್ಚಾಗಿ ಗೆಲ್ಲುತ್ತಾರೆ. ಒಂದೆರಡು ಪಂದ್ಯಗಳಿಗೆ ನಿಲ್ಲಿಸದೆ ಎರಡು ವಾರವೂ ಬರೆದು, ಆಮೇಲೆ ಎರಡು ಕುರ್ಚಿಗಳ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬರೆಯುವ ಕೆಲಸವನ್ನು ಮನೆಯಲ್ಲಿ ಯಾರನ್ನು ಒಳಗೆ ಕಳುಹಿಸುತ್ತಿದ್ದರೋ ಅವರಿಗೇ ಒಪ್ಪಿಸುವುದು ಉತ್ತಮ. ಅವರಿಗೆ ಪಂದ್ಯವನ್ನು ನೋಡಿದಂತೆಯೂ ಆಗುತ್ತದೆ.