ಔಷಧದಾನಕ್ಕೆ ಅಭಯದಾನ ಜೊತೆಯಾದೀತೇ? ಪ್ರಾಣಿಪ್ರಯೋಗದ ಬದಲಿ ದಾರಿಗೆ ಕಾನೂನಿನ ಒಪ್ಪಿಗೆ



ಹಲಸೂರಿನ ಪಕ್ಕದ ಜೋಗುಪಾಳ್ಯದಲ್ಲಿ ನಮ್ಮ ಮನೆಯ ಹಿರಿಯರು ಮೆಡಿಕಲ್ ಶಾಪಿಗೆ ಹೋದರೆ ಮೊದಲು ಕೇಳುವ ಮಾತು ಇದು: "ಕ್ಯಾಪ್ಸೂಲ್ ಬೇಡಪ್ಪ, ಇದೇ ಔಷಧ ಮಾತ್ರೆಯಲ್ಲಿ ಸಿಗುತ್ತಾ?" ಕ್ಯಾಪ್ಸೂಲಿನ ಕವಚ ಹೆಚ್ಚಾಗಿ ಜೆಲಾಟಿನ್‌ನದು, ಜೆಲಾಟಿನ್ ಬರುವುದು ಪ್ರಾಣಿಗಳ ಮೂಳೆ, ಚರ್ಮದಿಂದ ಎಂಬುದು ಜೈನ ಮನೆಗಳಿಗೆ ಹೊಸ ಸಂಗತಿಯಲ್ಲ. ಆದರೆ ಮಾತ್ರೆಯನ್ನೇ ತಂದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಈ ಔಷಧ ಅಂಗಡಿಗೆ ಬರುವ ಮೊದಲು ಎಷ್ಟು ಇಲಿ, ಮೊಲ, ನಾಯಿಗಳ ಮೇಲೆ ಪರೀಕ್ಷೆಯಾಯಿತು? ಬಿಸ್ಕತ್ತಿನ ಪೊಟ್ಟಣದ ಹಸಿರು ಚುಕ್ಕೆ ಒಳಗೆ ಏನಿದೆ ಎಂದಷ್ಟೇ ಹೇಳುತ್ತದೆ. ಪರೀಕ್ಷೆಯ ವಿಚಾರವನ್ನು ಯಾವ ಚುಕ್ಕೆಯೂ ಹೇಳುವುದಿಲ್ಲ.

ಈ ಎರಡನೆಯ ಪ್ರಶ್ನೆಯ ವಿಷಯದಲ್ಲಿ ನಮ್ಮ ದೇಶದ ನಿಯಮ ಬದಲಾಗಿದೆ.

ಏನು ಬದಲಾಯಿತು?

2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ಸ್ ನಿಯಮಗಳಿಗೆ ಕೇಂದ್ರ ಆರೋಗ್ಯ ಸಚಿವಾಲಯ 2023ರ ಮಾರ್ಚ್‌ನಲ್ಲಿ ತಿದ್ದುಪಡಿ ತಂದಿತು. ಹೊಸ ಔಷಧವನ್ನು ಮನುಷ್ಯರಿಗೆ ಕೊಡುವ ಮುನ್ನ ನಡೆಯುವ ಸುರಕ್ಷತಾ ಪರೀಕ್ಷೆಗೆ ಮಾನವ ಜೀವಕೋಶ, ಆರ್ಗನ್ ಚಿಪ್, ಕಂಪ್ಯೂಟರ್ ಮಾದರಿಗಳಂಥ ವಿಧಾನಗಳನ್ನೂ ಬಳಸಬಹುದು ಎಂದು ಅದು ಒಪ್ಪಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಡಿಸೆಂಬರ್ 29ರಂದು, ಅಮೆರಿಕವೂ ಇಂಥದೇ ಕಾಯ್ದೆ ಮಾಡಿ 1938ರಿಂದ ಇದ್ದ ಪ್ರಾಣಿಪರೀಕ್ಷೆಯ ಕಡ್ಡಾಯವನ್ನು ತೆಗೆದುಹಾಕಿತ್ತು.

1938ರ ಆ ಕಾನೂನು ಕ್ರೌರ್ಯದಿಂದ ಹುಟ್ಟಿದ್ದಲ್ಲ. ಅದರ ಹಿಂದಿನ ವರ್ಷ ವಿಷಕಾರಿ ದ್ರಾವಣದಲ್ಲಿ ಬೆರೆಸಿ ಮಾರಿದ ಸಲ್ಫಾ ಔಷಧ ಕುಡಿದು ಅಲ್ಲಿ ನೂರಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕ ಮಕ್ಕಳು, ಸತ್ತಿದ್ದರು. ಪರೀಕ್ಷೆಯೇ ಇಲ್ಲದ ಔಷಧ ಎಷ್ಟು ಅಪಾಯಕಾರಿ ಎಂಬುದಕ್ಕೆ ಅದು ಸಾಕ್ಷಿ. ಹಾಗೆಂದು ಪ್ರಾಣಿಯ ಮೈ ಮನುಷ್ಯನ ಮೈಯಲ್ಲ. 2006ರಲ್ಲಿ ಲಂಡನ್‌ನಲ್ಲಿ ಟಿಜಿಎನ್ 1412 ಎಂಬ ಔಷಧ ಮಂಗಗಳ ಮೇಲಿನ ಪರೀಕ್ಷೆಯಲ್ಲಿ ಪಾಸಾಗಿತ್ತು. ಅದನ್ನೇ ಅತಿ ಕಡಿಮೆ ಪ್ರಮಾಣದಲ್ಲಿ ಪಡೆದ ಆರು ಸ್ವಯಂಸೇವಕರು ತೀವ್ರ ನಿಗಾ ಘಟಕ ಸೇರಬೇಕಾಯಿತು.

ಬದಲಿ ವಿಧಾನಗಳು ಈ ಕೊರತೆಯನ್ನು ತುಂಬಲು ನೋಡುತ್ತಿವೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 27 ಔಷಧಗಳನ್ನು ಮಾನವ ಯಕೃತ್ತಿನ ಜೀವಕೋಶಗಳಿರುವ ಚಿಪ್ ಮೇಲೆ ಪರೀಕ್ಷಿಸಿದರು. ಯಕೃತ್ತಿಗೆ ಹಾನಿ ಮಾಡುವ ಔಷಧಗಳಲ್ಲಿ ಶೇ. 87ರಷ್ಟನ್ನು ಅದು ಸರಿಯಾಗಿ ಗುರುತಿಸಿತು. ನಿರಪಾಯ ಔಷಧ ಒಂದನ್ನೂ ತಪ್ಪಾಗಿ ಹಾನಿಕರ ಎನ್ನಲಿಲ್ಲ.

ಬೆಂಗಳೂರಿನ ಪಾಲು

ಇದು ದೂರದ ದೇಶಗಳ ಕಥೆ ಮಾತ್ರವಲ್ಲ. ಬೆಂಗಳೂರಿನ ಪಂಡೋರಮ್ ಟೆಕ್ನಾಲಜೀಸ್ 2015ರಲ್ಲೇ ಬಯೋಪ್ರಿಂಟಿಂಗ್ ಮೂಲಕ ಯಕೃತ್ತಿನ ಅಂಗಾಂಶ ತಯಾರಿಸಿ ಸುದ್ದಿಯಾಗಿತ್ತು. ಔಷಧದ ಪರೀಕ್ಷೆಗೆ ನೆರವಾಗುವುದು ಅದರ ಉದ್ದೇಶಗಳಲ್ಲಿ ಒಂದು. ಅದಕ್ಕೂ ಹಿಂದಿನ ಉದಾಹರಣೆ ನಮ್ಮ ಮನೆಗಳ ಸಕ್ಕರೆ ಕಾಯಿಲೆಯದು. ಒಂದು ಕಾಲಕ್ಕೆ ಇನ್ಸುಲಿನ್ ತೆಗೆಯುತ್ತಿದ್ದುದು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಅದು ತಯಾರಿಕೆಯ ಮಾತು, ಇದು ಪರೀಕ್ಷೆಯ ಮಾತು, ನಿಜ. ಆದರೂ ಬೇರೆ ದಾರಿಯೇ ಇಲ್ಲ ಎಂದುಕೊಂಡಿದ್ದ ಕಡೆ ವಿಜ್ಞಾನ ದಾರಿ ಮಾಡಿಕೊಡಬಲ್ಲದು ಎಂಬುದನ್ನು ನಮ್ಮ ಊರೇ ಕಂಡಿದೆ.

ನಿಯಮ ಎಲ್ಲಿ ನಿಲ್ಲುತ್ತದೆ?

ತಿದ್ದುಪಡಿಯ ತಿರುಳು "ಬಳಸಬಹುದು" ಎಂಬ ಒಂದು ಪದದಲ್ಲಿದೆ. ಅದು "ಬಳಸಲೇಬೇಕು" ಅಲ್ಲ. ಪ್ರಾಣಿಪರೀಕ್ಷೆಯನ್ನು ಅದು ನಿಷೇಧಿಸಿಲ್ಲ, ನಿಲ್ಲಿಸಲು ಗಡುವನ್ನೂ ಕೊಟ್ಟಿಲ್ಲ. ಬಾಗಿಲು ತೆರೆದಿದೆ ಅಷ್ಟೆ, ಒಳಗೆ ನಡೆಯಬೇಕಾದವರು ಕಂಪನಿಗಳು ಮತ್ತು ವಿಜ್ಞಾನಿಗಳು.

ಬದಲಿ ವಿಧಾನಗಳೂ ಪೂರ್ತಿ ಶುದ್ಧವಲ್ಲ. ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸಲು ಹಸುವಿನ ಗರ್ಭದ ಕರುವಿನ ರಕ್ತದಿಂದ ತೆಗೆದ ಸೀರಮ್ ಬಳಸುವುದು ಇಂದಿಗೂ ವ್ಯಾಪಕ. ಸೀರಮ್ ಇಲ್ಲದ ಪೋಷಕ ದ್ರಾವಣಗಳು ಬಂದಿವೆ, ಅವುಗಳ ಬಳಕೆ ಇನ್ನೂ ಹೆಚ್ಚಬೇಕು. ಇಡೀ ದೇಹದ ಮೇಲೆ, ಗರ್ಭದ ಮೇಲೆ, ವರ್ಷಗಟ್ಟಲೆ ಔಷಧ ಮಾಡುವ ಪರಿಣಾಮವನ್ನು ಒಂದು ಚಿಪ್ ಈಗಲೇ ಪೂರ್ತಿ ತೋರಿಸಲಾರದು.

ನಮ್ಮ ನಿಲುವು ಏನಿರಬೇಕು?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಹಿರಿಯರು ಒಟ್ಟಿಗೇ ಹೇಳಿದರು. ಆಧುನಿಕ ಪ್ರಯೋಗಾಲಯದಲ್ಲಿ ಮಾತ್ರ ಔಷಧಕ್ಕೂ ಅಭಯಕ್ಕೂ ಹೊಂದಲಿಲ್ಲ. ಮನುಷ್ಯನಿಗೆ ಸಿಕ್ಕ ಔಷಧಕ್ಕೆ ಪಂಚೇಂದ್ರಿಯ ಜೀವಿಯೊಂದು ಅಭಯ ಕಳೆದುಕೊಂಡಿತು. ಹಿಂಸೆಯನ್ನು ನಾವು ಕೈಯಾರೆ ಮಾಡದಿದ್ದರೂ ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ನಮ್ಮ ಮೌನ ಎಲ್ಲಿ ಸೇರುತ್ತದೆ ಎಂದು ಕೇಳಿಕೊಳ್ಳಲೇಬೇಕು. ಈ ಎರಡು ದಾನಗಳು ಮತ್ತೆ ಕೂಡುವ ಅವಕಾಶವನ್ನು ಹೊಸ ನಿಯಮ ಕೊಟ್ಟಿದೆ.

ಒಂದು ಎಚ್ಚರಿಕೆ. ಈ ಕಾರಣಕ್ಕೆ ಯಾರೂ ವೈದ್ಯರು ಬರೆದ ಔಷಧ ನಿಲ್ಲಿಸಬಾರದು. ಇಂದಿನ ಮಾತ್ರೆ ಬಿಟ್ಟರೆ ಹಿಂದೆ ನಡೆದ ಪರೀಕ್ಷೆ ಅಳಿಸಿಹೋಗುವುದಿಲ್ಲ. ಮುಂದೆ ಆಗುವುದನ್ನು ತಪ್ಪಿಸಲು ಮಾಡಬಹುದಾದ ಕೆಲಸ ಬೇರೆ ಇದೆ:

• ಪ್ರಾಣಿಪ್ರಯೋಗ ನಡೆಸುವ ನೋಂದಾಯಿತ ಸಂಸ್ಥೆಗಳಲ್ಲಿ ಪ್ರಾಣಿ ನೈತಿಕ ಸಮಿತಿ ಇರಬೇಕು, ಅದರಲ್ಲಿ ಸಾಮಾಜಿಕ ಕಾಳಜಿಯ ಸದಸ್ಯರೊಬ್ಬರಿಗೂ ಸ್ಥಾನವಿದೆ. ನಮ್ಮಲ್ಲಿನ ವೈದ್ಯರು, ವಿದ್ಯಾವಂತರು ಇಂಥ ಹೊಣೆಗೆ ಮುಂದೆ ಬರಲಿ. "ಇದಕ್ಕೆ ಬದಲಿ ವಿಧಾನ ಇಲ್ಲವೇ?" ಎಂದು ಕೇಳಲು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಬಲ ಕೊಡುತ್ತದೆ. ಸಾಧ್ಯವಿರುವ ಕಡೆಯೆಲ್ಲ ಪ್ರಾಣಿಪ್ರಯೋಗ ತಪ್ಪಿಸಬೇಕು ಎಂಬುದು ಅದರ 17ನೇ ಸೆಕ್ಷನ್‌ನ ಆಶಯ.

• ಫಾರ್ಮಸಿ, ಬಯೋಟೆಕ್ನಾಲಜಿ ಓದುವ ಮಕ್ಕಳು ಸಂಶೋಧನೆಗೆ ಈ ವಿಷಯವನ್ನು ಆರಿಸಿಕೊಳ್ಳಲಿ. ಬಸದಿ ಮತ್ತು ಸಮಾಜದ ಟ್ರಸ್ಟ್‌ಗಳು ಇಂಥವರಿಗೆ ವಿದ್ಯಾರ್ಥಿವೇತನ ಕೊಟ್ಟರೆ ಶಾಸ್ತ್ರದಾನವೂ ಅದರಲ್ಲೇ ಆಗುತ್ತದೆ.

• ಔಷಧ ವ್ಯಾಪಾರದಲ್ಲಿರುವ ನಮ್ಮವರು ಕಂಪನಿಗಳ ಸಭೆಗಳಲ್ಲಿ ಈ ಪ್ರಶ್ನೆ ಎತ್ತಲಿ. ವ್ಯಾಪಾರಿಯ ಮಾತಿಗೆ ಅಲ್ಲಿ ಬೆಲೆ ಇದೆ.

ಕ್ಯಾಪ್ಸೂಲ್ ಬೇಡ, ಮಾತ್ರೆ ಕೊಡಿ ಎಂದು ಕೇಳುವುದನ್ನು ನಮ್ಮ ಹಿರಿಯರು ಬಿಡಲಿಲ್ಲ. ಈಗ ಅದರ ಜೊತೆಗೆ "ಇದನ್ನು ಯಾರ ಮೇಲೆ ಪರೀಕ್ಷಿಸಿದರು?" ಎಂದೂ ಕೇಳೋಣ. ಉತ್ತರ ಅಂಗಡಿಯವರ ಬಳಿ ಇರಲಾರದು, ಆದರೆ ಕೇಳುವವರು ಹೆಚ್ಚಿದಷ್ಟೂ ಆ ಪ್ರಶ್ನೆ ಔಷಧ ತಯಾರಿಸುವವರನ್ನು ಬೇಗ ತಲುಪುತ್ತದೆ.