ಅಡುಗೆಮನೆಯ ರಾಜವೈದ್ಯ



ರಾಜವೈದ್ಯನೆಂದೊಡನೆ ಸುವರ್ಣಭಸ್ಮ, ಮುತ್ತಿನ ಪಿಷ್ಟಿಗಳ ಪೆಟ್ಟಿಗೆ ಹಿಡಿದ ಪಂಡಿತನ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಸುಶ್ರುತ ಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯ ತೋರುವ ರಾಜವೈದ್ಯನು ಬೇರೆ. ಅರಸನು ವೈದ್ಯನನ್ನು ಅಡುಗೆಮನೆಗೆ ನೇಮಿಸಬೇಕು. ಅದು ಶುಚಿಯಾಗಿ, ವಿಶಾಲವಾಗಿ, ಗವಾಕ್ಷಗಳಿಂದ ಕೂಡಿರಬೇಕು. ಅಡುಗೆಯವರೆಲ್ಲರೂ ವೈದ್ಯನ ಮಾತಿನಂತೆ ನಡೆಯಬೇಕು ಎಂದು ಅಲ್ಲಿ ವಿಧಿಸಲಾಗಿದೆ. ಅನ್ನದಲ್ಲಿ ವಿಷವಿದೆಯೇ ಎಂಬುದನ್ನು ವೈದ್ಯನು ಅದನ್ನು ಬೆಂಕಿಗೆ ಹಾಕಿ ಜ್ವಾಲೆಯ ಲಕ್ಷಣದಿಂದ ಅರಿಯುತ್ತಿದ್ದನು. ರೋಗ ಬಂದ ಮೇಲೆ ಮದ್ದು ಅರೆಯುವುದಕ್ಕಿಂತ ಮೊದಲು ಅರಸನ ತಟ್ಟೆಯನ್ನು ಕಾಯುವುದು ಆತನ ಕಾಯಕವಾಗಿತ್ತು.

ಈ ವಿದ್ಯೆ ಅರಮನೆಯಲ್ಲಿಯೇ ಉಳಿಯಲಿಲ್ಲವೆಂಬುದು ಕನ್ನಡನಾಡಿನ ಹೆಮ್ಮೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯರು ಮಾಂಸಾಹಾರದ ಅಹಿತವನ್ನು ನಿರ್ಭಯವಾಗಿ ಪ್ರತಿಪಾದಿಸಿದರು. ಅವರ 'ಕಲ್ಯಾಣಕಾರಕ'ದ ಹಿತಾಹಿತಾಧ್ಯಾಯ ಅದಕ್ಕೆ ಸಾಕ್ಷಿ. 14ನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನು 'ಖಗೇಂದ್ರಮಣಿದರ್ಪಣ'ವೆಂಬ ಕನ್ನಡ ಕಾವ್ಯವಾಗಿಸಿದನು. ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವಾಗಿ ನಡೆಸಿದರು.

ಇಂದು ತಟ್ಟೆಗೆ ವಿಷವಿಕ್ಕುವ ಶತ್ರುಗಳಿಲ್ಲ. ನಮ್ಮ ಕೈಯಿಂದಲೇ ಅಹಿತವು ತಟ್ಟೆಗೆ ಬೀಳುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಗಳು ಸೇರಿದರೆ ಆ ಮಿತಿ ಉಳಿಯದು. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಅಂಥದೇ. ಕುಡುಮಲಕುಂಟೆ, ಗೌರಿಬಿದನೂರಿನ ನಮ್ಮ ಸೀಮೆಯಲ್ಲಿ ನೀರಿನ ಚಿಂತೆಯೂ ಸೇರಿದೆ. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಕಂದುತ್ತದೆ, ವರ್ಷಗಳು ಕಳೆದಂತೆ ಮೂಳೆ ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು; ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ್ದನ್ನೇ ಕುಡಿಯಬೇಕು.

ಊಟವನ್ನಾಗಲಿ ನೀರನ್ನಾಗಲಿ ವಿಚಾರಿಸದೆ ಎರಡು ನಿಮಿಷದಲ್ಲಿ ಚೀಟಿ ಬರೆದು ಕಳುಹಿಸುವ ವೈದ್ಯವು, ಅದು ಯಾವ ಪದ್ಧತಿಯದೇ ಆಗಲಿ, ಅಪೂರ್ಣವೆಂಬುದೇ ನಮ್ಮ ಅಭಿಪ್ರಾಯ. ಪಥ್ಯ ಹೇಳಿದರೆ ಮುನಿದು, ಮಾತ್ರೆಯನ್ನಷ್ಟೇ ಕೇಳುವ ರೋಗಿಯ ಪಾಲೂ ಇದರಲ್ಲಿದೆ. ಹಾಗೆಂದು ಪಥ್ಯವನ್ನು ನಂಬಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಔಷಧಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಪಥ್ಯವು ಔಷಧದ ಜೊತೆಗಾರನೇ ಹೊರತು ವೈರಿಯಲ್ಲ.

ಅರಸನಿಗೆ ಒಬ್ಬ ವೈದ್ಯನು ಕಾವಲಿದ್ದನು. ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವ ನಮ್ಮ ಮನೆಗಳಲ್ಲಿ ಆ ಕಾವಲನ್ನು ತಾಯಂದಿರ ಮೇಲಷ್ಟೇ ಹೊರಿಸದೆ ಮನೆಮಂದಿಯೆಲ್ಲರೂ ಹೊರಬೇಕು. ದೇಹಕ್ಕೆ ಅಹಿತವಾದುದನ್ನು ಅರ್ಪಿತವೆಂದು ಮುಂದಿಡುವುದು ಸಲ್ಲದು.