ಟೈಟಾನಿಕ್ ಮುಳುಗಿಸಲು ಬಳೆ ಅಡವಿಡಬೇಕೇ?

ಸುಂಕದಕಟ್ಟೆಯ ನಮ್ಮ ಬೀದಿಯ ಹುಡುಗ, ಬಿ.ಕಾಂ. ಆಗಿದೆ. ಡೇಟಾ ಅನಾಲಿಸಿಸ್ ಕಲಿಸಿ 'ಪೋರ್ಟ್‌ಫೋಲಿಯೋ' ಮಾಡಿಕೊಡ್ತೀವಿ ಅಂದ ಕಡೆ ಅವರಮ್ಮ ಬಳೆ ಅಡವಿಟ್ಟು ದುಡ್ಡು ಕಟ್ಟಿದರು. ಗಾರ್ಮೆಂಟ್ಸ್‌ನಲ್ಲಿ ದುಡಿಯೋ ಹೆಂಗಸು.

ಮೊನ್ನೆ ಅದನ್ನು ತೋರಿಸಿದ. ಏನಿತ್ತು ಗೊತ್ತಾ? ಟೈಟಾನಿಕ್! 1912ರಲ್ಲಿ ಮುಳುಗಿದ ಹಡಗಿನ 891 ಪ್ರಯಾಣಿಕರ ಪಟ್ಟಿ, ಕ್ಯಾಗಲ್‌ನಲ್ಲಿ ಪುಕ್ಕಟೆ ಸಿಗುವಂಥದ್ದು. ಕಲಿಯುವವರೆಲ್ಲ ಮಾಡಿ ಸವೆದದ್ದು. ಅದರಲ್ಲಿ 177 ಜನರ ವಯಸ್ಸೇ ಇಲ್ಲ. "ಅಲ್ಲಿ ಸರಾಸರಿ ಯಾಕೆ ತುಂಬಿದೆ?" ಅಂದೆ. "ಸರ್ ಹೇಳಿದ್ರು ಅಣ್ಣ" ಅಂದ...

ಮೈ ಉರೀತು. ಲಿಬ್ರೆಆಫೀಸ್, ಪೈಥಾನ್ ಎರಡೂ ಪುಕ್ಕಟೆ. ಗೂಗಲ್ ಕೊಲ್ಯಾಬ್‌ಗೆ ಹಳೇ ಲ್ಯಾಪ್‌ಟಾಪ್ ಸಾಕು. 2011ರ ಜನಗಣತಿ ಅಂಕಿಅಂಶ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬೆಂಗಳೂರಿನದಕ್ಕೆ ಓಪನ್‌ಸಿಟಿ ಇದೆ.

ಅದೂ ಬೇಡ, ಮಾಗಡಿ ರೋಡಿನ ಬಸ್‌ಸ್ಟಾಪಲ್ಲಿ ಒಂದು ವಾರ ಬೆಳಿಗ್ಗೆ ಎಂಟರಿಂದ ಒಂಬತ್ತು ನಿಂತು, ಯಾವ ಬಸ್ಸು ಎಷ್ಟು ಗಂಟೆಗೆ ಬಂತು ಅಂತ ಬರ್ಕೋ ಅಂದೆ. ಟೀ ಕುಡಿಯೋಕೆ ಹೋಗಿ ಒಂದು ಬಸ್ಸು ತಪ್ಪುತ್ತೆ, ಆ ಖಾಲಿ ಜಾಗಕ್ಕೆ ಏನು ಮಾಡಿದೆ ಅಂತ ಇಂಟರ್‌ವ್ಯೂನಲ್ಲಿ ಕೇಳಲಿ ಸ್ವಾಮಿ, ಉತ್ತರ ಅವನದೇ ಇರುತ್ತೆ.

ಸೋಮವಾರದಿಂದ ನಿಲ್ತಾನಂತೆ. ನಿಮ್ಮ ಬೀದಿಯಲ್ಲೂ ಯಾರಾದರೂ ದುಡ್ಡು ಕಟ್ಟಲು ಹೊರಟಿದ್ದರೆ ದಯವಿಟ್ಟು ಮೊದಲೇ ತಡೀರಪ್ಪ.